ಮರುಗುವುದು ಬೇರೆ, ಮನ್ನಿಸುವುದು ಬೇರೆ

2004ರಲ್ಲಿ ತೆರೆಕಂಡ ‘ಟ್ರಾಯ್’ ಸಿನಿಮಾ ನೋಡಿದವರು ಸಾಮಾನ್ಯವಾಗಿ ಎರಡು ಪಕ್ಷಗಳಾಗಿ ಒಡೆಯುತ್ತಾರೆ. ಅಕಿಲೀಸನ ಪಕ್ಷದವರಿಗೆ ಯಾವ ರಾಜನಿಗೂ ಬಗ್ಗದ ಅವನ ಛಲ ಇಷ್ಟ. ತಮ್ಮನ ತಪ್ಪಿಗೆ ತಲೆಕೊಟ್ಟು ಊರಿಗಾಗಿ ಸಾಯುವ ಹೆಕ್ಟರನೇ ನಿಜವಾದ ನಾಯಕ ಎಂಬುದು ಇನ್ನೊಂದು ಪಕ್ಷ. ಕರ್ಣ ದೊಡ್ಡವನೋ ಅರ್ಜುನ ದೊಡ್ಡವನೋ ಎಂಬ ನಮ್ಮ ಹಳೆಯ ಜಗಳದ ಹಾಗೆ ಇದಕ್ಕೂ ಕೊನೆಯಿಲ್ಲ. ನನ್ನ ತಕರಾರು ಇರುವುದು ತೀರ್ಪಿನ ಬಗ್ಗೆ ಅಲ್ಲ, ಸಾಕ್ಷ್ಯದ ಬಗ್ಗೆ. ನ್ಯಾಯ ಹೇಳಲು ಕೂತ ನಮ್ಮ ಮುಂದೆ ಸಿನಿಮಾ ಇಡುವ ಕಡತದಲ್ಲಿ ಕೆಲವು ಹಾಳೆಗಳೇ ಇಲ್ಲ.

ಮೊದಲು ಹೆಕ್ಟರನ ಹಾಳೆಗಳನ್ನು ನೋಡೋಣ. ವುಲ್ಫ್‌ಗ್ಯಾಂಗ್ ಪೀಟರ್‌ಸನ್ ನಿರ್ದೇಶನದ ಈ ಸಿನಿಮಾದಲ್ಲಿ ಹೆಕ್ಟರ್ ಕೋಟೆಯ ಬಾಗಿಲಿನಿಂದ ಒಬ್ಬನೇ ಹೊರಬಂದು, ನೇರವಾಗಿ ಅಕಿಲೀಸನ ಎದುರು ನಿಲ್ಲುತ್ತಾನೆ. ಹೋಮರನ ‘ಇಲಿಯಡ್’ನಲ್ಲಿ ಹಾಗಿಲ್ಲ. ಅಲ್ಲಿ ಅಕಿಲೀಸ್ ಹತ್ತಿರ ಬರುತ್ತಿದ್ದಂತೆ ಹೆಕ್ಟರನ ಧೈರ್ಯ ಉಡುಗುತ್ತದೆ. ಅವನು ಓಡುತ್ತಾನೆ; ತಂದೆ ತಾಯಿ, ಇಡೀ ಊರು ನೋಡುತ್ತಿರುವಾಗ ಕೋಟೆಯ ಸುತ್ತ ಮೂರು ಸುತ್ತು ಓಡುತ್ತಾನೆ. ಆಮೇಲೆ ನಿಂತು ಕಾದಾಡಿ ಸಾಯುತ್ತಾನೆ. ಪೆಟ್ರೋಕ್ಲಸನ ಸಾವಿನಲ್ಲೂ ಇದೇ ಬಗೆಯ ವ್ಯತ್ಯಾಸ. ಸಿನಿಮಾದ ಹೆಕ್ಟರ್, ತಾನು ಹೊಡೆದುರುಳಿಸಿದ್ದು ಅಕಿಲೀಸನನ್ನಲ್ಲ, ಒಬ್ಬ ಹುಡುಗನನ್ನು ಎಂದು ತಿಳಿದು ನೊಂದುಕೊಂಡು ಅಂದಿನ ಯುದ್ಧ ನಿಲ್ಲಿಸುತ್ತಾನೆ. ಹೋಮರನ ಹೆಕ್ಟರ್ ಆ ಶವದ ಕವಚ ಕಳಚಿ ತಾನೇ ತೊಡುತ್ತಾನೆ. ತಲೆ ಕಡಿದು ಮುಂಡವನ್ನು ನಾಯಿಗಳಿಗೆ ಎಸೆಯಬೇಕೆಂದು ಹೆಣವನ್ನು ಎಳೆದಾಡುತ್ತಾನೆ.

ಅಕಿಲೀಸನ ಕಡತದಿಂದ ಕಿತ್ತ ಹಾಳೆಗಳು ಇನ್ನೂ ಭಾರವಾದವು. ಹೆಕ್ಟರನ ಶವವನ್ನು ರಥಕ್ಕೆ ಕಟ್ಟಿ ಎಳೆಯುವುದನ್ನು ಸಿನಿಮಾ ಉಳಿಸಿಕೊಂಡಿದೆ, ನಿಜ. ಆದರೆ ಅದನ್ನು ನೋಡುವ ನಾವು ಪಾಪ ಎನ್ನದೆ ದುಃಖದ ಲೆಕ್ಕಕ್ಕೆ ಬರೆದುಕೊಳ್ಳುತ್ತೇವೆ. ಹಾಗೆ ಬರೆದುಕೊಳ್ಳಲಾಗದ ಒಂದು ಸಂಗತಿ ಇಲಿಯಡ್‌ನಲ್ಲಿದೆ. ಪೆಟ್ರೋಕ್ಲಸನ ಚಿತೆಯ ಬಳಿ ಅಕಿಲೀಸ್ ಸೆರೆಸಿಕ್ಕ 12 ಮಂದಿ ಟ್ರೋಜನ್ ಯುವಕರನ್ನು ಕೊಲ್ಲುತ್ತಾನೆ. ಯುದ್ಧದ ಕಾವಿನಲ್ಲಿ ನಡೆದ ಕೊಲೆಗಳಲ್ಲ ಇವು. ಕೈಕಟ್ಟಿ ತಂದು, ಕಾದಿಟ್ಟು ಮಾಡಿದ ಕೊಲೆಗಳು. ಸಿನಿಮಾದಲ್ಲಿ ಆ ಹನ್ನೆರಡು ಮಂದಿಯ ಸುಳಿವೇ ಇಲ್ಲ.

ಇನ್ನೊಂದು ಹಾಳೆ ಬ್ರಿಸೇಯಿಸಳದು. ಸಿನಿಮಾದಲ್ಲಿ ಅವಳು ಅಪೊಲೊ ಗುಡಿಯ ಅರ್ಚಕಿ. ಸೆರೆಯಾಳಾಗಿ ಬಂದು ಅಕಿಲೀಸನನ್ನು ಪ್ರೀತಿಸುತ್ತಾಳೆ. ಹೋಮರನಲ್ಲಿ ಅವಳ ಗಂಡನನ್ನು ಕೊಂದವನೇ ಅಕಿಲೀಸ್. ಅದೇ ಯುದ್ಧದಲ್ಲಿ ಅವಳ ಮೂವರು ಅಣ್ಣತಮ್ಮಂದಿರೂ ಸತ್ತರು, ಊರು ಹಾಳಾಯಿತು, ಅವಳು ಲೂಟಿಯ ಪಾಲಾಗಿ ಅವನ ಬಿಡಾರಕ್ಕೆ ಬಂದಳು. ಆ ಹೆಣ್ಣನ್ನು ಪ್ರೇಮಿಯಾಗಿ ಬದಲಿಸಿದ ಕೂಡಲೇ ನಾಯಕನ ಮೇಲಿನ ಅತಿ ದೊಡ್ಡ ಆರೋಪ ಬಿದ್ದುಹೋಗುತ್ತದೆ. ದೂರು ಕೊಡಬೇಕಾದವಳೇ ಅವನ ಪರ ಸಾಕ್ಷಿಯಾಗುತ್ತಾಳೆ.

ಹೀಗೆ ಇಬ್ಬರನ್ನೂ ತೊಳೆದ ಮೇಲೆ ಉಳಿದ ಕೊಳೆಯನ್ನು ಎಲ್ಲಾದರೂ ಸುರಿಯಬೇಕಲ್ಲ. ಅದು ಬೀಳುವುದು ಅಗಮೆಮ್ನಾನನ ತಲೆಯ ಮೇಲೆ. ಅವನು ಅಪ್ಪಟ ಖಳನಾಗುತ್ತಾನೆ. ಪ್ರೇಕ್ಷಕರಿಗೆ ಸಮಾಧಾನವಾಗಲೆಂದು ಬ್ರಿಸೇಯಿಸಳ ಕೈಯಲ್ಲೇ ಸಾಯುತ್ತಾನೆ. ಹಡಗುಗಳಿಗೆ ಗಾಳಿ ಬೀಸಲೆಂದು ಸ್ವಂತ ಮಗಳು ಇಫಿಜಿನಿಯಾಳನ್ನು ಬಲಿಕೊಟ್ಟ ಅವನ ಘೋರವಾದ ಕಥೆ ಮಾತ್ರ ಸಿನಿಮಾದಲ್ಲಿ ಇಲ್ಲ. ಖಳನ ಪಾಪವನ್ನೂ ಸಿನಿಮಾ ತನಗೆ ಬೇಕಾದಷ್ಟೇ ಅಳೆದು ಕೊಟ್ಟಿದೆ.

ಪುರಾಣವನ್ನು ಬದಲಿಸುವ ಹಕ್ಕು ಕಲಾವಿದನಿಗೆ ಇಲ್ಲವೇ ಎಂದು ಕೇಳಬಹುದು. ಖಂಡಿತ ಇದೆ. ಇದೇ ಗ್ರೀಕ್ ಕಥಾಚಕ್ರದ ಇನ್ನೊಬ್ಬ ವೀರನನ್ನು ಕುರಿತ ಸೊಫೊಕ್ಲಿಸನ ‘ಏಜಾಕ್ಸ್’ ನಾಟಕವನ್ನು ಬಿ.ಎಂ. ಶ್ರೀಕಂಠಯ್ಯನವರು 1929ರಲ್ಲಿ ‘ಅಶ್ವತ್ಥಾಮನ್’ ಆಗಿ ಕನ್ನಡಕ್ಕೆ ತಂದರು. ಪುರಾಣದಲ್ಲಿ ಚಿರಂಜೀವಿಯಾದ ಅಶ್ವತ್ಥಾಮ ಈ ನಾಟಕದಲ್ಲಿ ತನ್ನ ಕೈಯಾರೆ ಸಾಯುತ್ತಾನೆ. ಇದಕ್ಕಿಂತ ದೊಡ್ಡ ಬದಲಾವಣೆ ಇನ್ನೇನು ಬೇಕು? ಆದರೆ ಆ ಬದಲಾವಣೆ ಯಾವ ದಿಕ್ಕಿಗೆ ಹೋಗುತ್ತದೆ ನೋಡಿ. ಗ್ರೀಕ್ ನಾಯಕ ಹುಚ್ಚಿನಲ್ಲಿ ಕೊಂದದ್ದು ದನಕುರಿಗಳನ್ನು, ಶತ್ರುಗಳೆಂದು ಭ್ರಮಿಸಿ. ಅವನ ಜಾಗದಲ್ಲಿ ಶ್ರೀಯವರು ತಂದು ನಿಲ್ಲಿಸಿದ್ದು ಇರುಳಿನಲ್ಲಿ ಮಲಗಿದ್ದವರನ್ನು ಕೊಂದವನೆಂದು ನಾವೆಲ್ಲ ಬಲ್ಲ ಅಶ್ವತ್ಥಾಮನನ್ನು. ನಾಯಕನ ಮೇಲಿನ ಆರೋಪ ಕನ್ನಡಕ್ಕೆ ಬರುವಾಗ ಹಗುರವಾಗಲಿಲ್ಲ, ಭಾರವಾಯಿತು. ಹಾಗಿದ್ದೂ ಅವನಿಗಾಗಿ ನಾವು ಮರುಗುತ್ತೇವೆ.

ನಮ್ಮ ಕಾವ್ಯ ಪರಂಪರೆಗೆ ಈ ಬಗೆಯ ನ್ಯಾಯ ಹೊಸದೇನಲ್ಲ. ರನ್ನನ ‘ಗದಾಯುದ್ಧ’ದಲ್ಲಿ ಕಿರೀಟ ಭೀಮನಿಗೆ, ಕಣ್ಣೀರು ದುರ್ಯೋಧನನಿಗೆ. ಆದರೆ ದ್ರೌಪದಿಗೆ ಆದ ಅವಮಾನವನ್ನು ರನ್ನ ಎಲ್ಲೂ ಮುಚ್ಚಿಡುವುದಿಲ್ಲ. ಅದನ್ನು ಮೊದಲಿಗೇ ನಮ್ಮೆದುರು ಇಟ್ಟು, ಆಮೇಲೆ ಆ ದುರ್ಯೋಧನನನ್ನು ಹೆಣಗಳ ನಡುವೆ ನಡೆಸುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಶವದ ಮುಂದೆ ನಿಂತು ಆ ಹುಡುಗನ ಪರಾಕ್ರಮವನ್ನು ಮನಸಾರೆ ಹೊಗಳುವವನು ಇದೇ ದುರ್ಯೋಧನ. ನಮ್ಮ ಕಣ್ಣು ತುಂಬುತ್ತದೆ, ಹಾಗೆಂದು ಕೌರವಸಭೆಯಲ್ಲಿ ನಡೆದದ್ದು ಮರೆತುಹೋಗುವುದಿಲ್ಲ.

ತಾರೆಯರಿರುವ ಸಿನಿಮಾದಲ್ಲಿ ಇದು ಸಾಧ್ಯವಿಲ್ಲ, ಅಭಿಮಾನಿಗಳು ಸಹಿಸುವುದಿಲ್ಲ ಎನ್ನುವವರು 1977ರ ‘ಬಭ್ರುವಾಹನ’ವನ್ನು ನೆನೆಯಬೇಕು. ನಿರ್ದೇಶಕರು ನಮ್ಮದೇ ಸೀಮೆಯ ಊರನ್ನು ಹೆಸರಿನಲ್ಲಿ ಹೊತ್ತ ಹುಣಸೂರು ಕೃಷ್ಣಮೂರ್ತಿ. ಅರ್ಜುನನೂ ರಾಜ್‌ಕುಮಾರ್, ಬಭ್ರುವಾಹನನೂ ರಾಜ್‌ಕುಮಾರ್. ಆ ಅರ್ಜುನ ಕೈಹಿಡಿದ ಚಿತ್ರಾಂಗದೆಯ ಶೀಲವನ್ನೇ ಶಂಕಿಸಿ ಮಗನ ಎದುರು ಹೀನಾಯವಾಗಿ ಮಾತಾಡುತ್ತಾನೆ. ನಿನ್ನ ಗೆಲುವುಗಳ ಹಿಂದೆ ಇದ್ದದ್ದು ಕೃಷ್ಣನ ಬಲ ಎಂದು ಮಗ ಅಪ್ಪನನ್ನು ಹಾಡಿನಲ್ಲೇ ಹಂಗಿಸುತ್ತಾನೆ. ಇಷ್ಟವಾದ ಮುಖವೇ ಎರಡೂ ಕಡೆ ಇರುವಾಗ ಪ್ರೇಕ್ಷಕನಿಗೆ ಮುಖ ನೋಡಿ ಮಣೆ ಹಾಕುವ ದಾರಿ ಇರುವುದಿಲ್ಲ. ಆಡಿದ ಮಾತು, ಮಾಡಿದ ಕೆಲಸವನ್ನೇ ತೂಗಬೇಕು. ಕನ್ನಡದ ಪ್ರೇಕ್ಷಕರು ಆ ಅರ್ಜುನನನ್ನು ತಪ್ಪಿತಸ್ಥನೆಂದೂ ಕಂಡರು, ಆ ಸಿನಿಮಾವನ್ನು ತಲೆಯ ಮೇಲೂ ಹೊತ್ತರು.

ಅದೇ ಸೀಮೆಯ ಇನ್ನೊಂದು ಊರು ಚುಂಚನಕಟ್ಟೆ. ಕಾವೇರಿ ಧುಮುಕುವ ಜಾಗದಲ್ಲಿ ಕೋದಂಡರಾಮನ ಗುಡಿಯಿದೆ. ಸೀತೆ ಅಲ್ಲಿ ರಾಮನ ಬಲಕ್ಕೆ ನಿಂತಿದ್ದಾಳೆ. ಋಷಿಗಳಿಗೆ ಕಾಟ ಕೊಡುತ್ತಿದ್ದ ಚುಂಚ, ಚುಂಚಿ ಎಂಬ ಗಂಡಹೆಂಡಿರನ್ನು ರಾಮ ಇಲ್ಲಿ ಅಡಗಿಸಿದನೆಂಬುದು ಸ್ಥಳದ ಕಥೆ. ಅವರನ್ನು ರಾಕ್ಷಸರೆನ್ನುವವರಿದ್ದಾರೆ, ಕಾಡಿನ ಜನ ಎನ್ನುವವರೂ ಇದ್ದಾರೆ. ಪೂಜೆ ಗೆದ್ದವನಿಗೆ, ಊರಿನ ಹೆಸರು ಸೋತವನಿಗೆ. ಜಾತ್ರೆಗೆ ಎತ್ತು ಹೊಡೆದುಕೊಂಡು ಬರುವ ರೈತ ರಾಮನಿಗೆ ಕೈಮುಗಿಯುತ್ತಾನೆ. ಎಲ್ಲಿಗೆ ಹೊರಟೆ ಎಂದರೆ ಚುಂಚನ ಹೆಸರು ಹೇಳುತ್ತಾನೆ. ಇದನ್ನು ಯಾರೂ ಯೋಚಿಸಿ ಏರ್ಪಡಿಸಿರಲಾರರು. ಆದರೂ ಗೆದ್ದವನನ್ನು ನೆನೆಯಲು ಸೋತವನ ಹೆಸರನ್ನು ಅಳಿಸಬೇಕಾಗಿಲ್ಲ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಈಗ ಟ್ರಾಯ್ ಸಿನಿಮಾದ ಅತ್ಯುತ್ತಮ ದೃಶ್ಯಕ್ಕೆ ಬರೋಣ. ಮುದುಕ ರಾಜ ಪ್ರಿಯಾಮ್ ರಾತ್ರಿ ಶತ್ರುವಿನ ಬಿಡಾರಕ್ಕೆ ಬಂದು, ಮಗನನ್ನು ಕೊಂದ ಕೈಗಳಿಗೆ ಮುತ್ತಿಟ್ಟು, ಶವ ಕೊಡು ಎಂದು ಬೇಡುತ್ತಾನೆ. ಹೋಮರನಲ್ಲಿ ಇಬ್ಬರೂ ಅಳುತ್ತಾರೆ. ಪ್ರಿಯಾಮ್ ಅಳುವುದು ಹೆಕ್ಟರನಿಗಾಗಿ. ಅಕಿಲೀಸ್ ಅಳುವುದು ದೂರದಲ್ಲಿರುವ ತಂದೆಗಾಗಿ, ಸತ್ತ ಗೆಳೆಯನಿಗಾಗಿ. ಆದರೆ ಆ ಕಣ್ಣೀರಿನ ನಡುವೆಯೇ, ನನ್ನನ್ನು ಕೆಣಕಬೇಡ, ಕೊಂದುಬಿಟ್ಟೇನು ಎಂದು ಅಕಿಲೀಸ್ ಮುದುಕನನ್ನು ಎಚ್ಚರಿಸುತ್ತಾನೆ. ಶವಸಂಸ್ಕಾರಕ್ಕೆ 11 ದಿನ ಕೇಳಿದ ಪ್ರಿಯಾಮ್, ಬೇಕೇ ಆದರೆ ಹನ್ನೆರಡನೆಯ ದಿನ ಯುದ್ಧ ಮಾಡೋಣ ಎನ್ನುತ್ತಾನೆ. ಅಲ್ಲಿ ಯಾರೂ ಯಾರನ್ನೂ ಮನ್ನಿಸಿಲ್ಲ. ಕೊಲೆ ಕೊಲೆಯಾಗಿಯೇ ಉಳಿದಿದೆ. ಆದರೂ ಇಬ್ಬರೂ ಒಟ್ಟಿಗೆ ಕೂತು ಉಂಡಿದ್ದಾರೆ.

ಸಿನಿಮಾ ಕಲೆಸಿಬಿಟ್ಟ ಎರಡು ಸಂಗತಿಗಳು ಇವೇ. ಪ್ರೇಕ್ಷಕ ಮರುಗಬೇಕಾದರೆ ನಾಯಕ ನಿರಪರಾಧಿಯಾಗಿರಬೇಕು ಎಂದು ಅದು ನಂಬಿದೆ. ಈ ನಂಬಿಕೆ ಸಿನಿಮಾ ಮಂದಿರದಲ್ಲೇ ಉಳಿದಿದ್ದರೆ ಚಿಂತೆಯಿರಲಿಲ್ಲ. ಬರಗಾಲದಲ್ಲಿ ಕಣಜ ತೆರೆದು ಊರನ್ನು ಉಳಿಸಿದ ಹಿರಿಯರೊಬ್ಬರ ಕಥೆ ನಮ್ಮ ಎಷ್ಟೋ ಊರುಗಳಲ್ಲಿ ಸಿಗುತ್ತದೆ. ಆ ಕಣಜ ತುಂಬಿದ ಕೈಗಳು ಅಂಗಳದಾಚೆ ನಿಂತು ಬೊಗಸೆಯೊಡ್ಡಬೇಕಾಗಿತ್ತು ಎಂಬ ಕಥೆ ಸಿಗುವುದು ಇನ್ನೊಂದು ಕೇರಿಯಲ್ಲಿ. ಮೊದಲ ಕಥೆ ಹೇಳುವವರು ಎರಡನೆಯದನ್ನು ಮುಚ್ಚುತ್ತಾರೆ. ಎರಡನೆಯದು ಹೊರಬಿದ್ದ ದಿನ ಕೇಳಿದವರು ಮೊದಲನೆಯದನ್ನೂ ಸುಳ್ಳೆನ್ನುತ್ತಾರೆ. ಇಬ್ಬರ ತಪ್ಪೂ ಒಂದೇ: ಕಳಂಕವಿಲ್ಲದವನಿಗೆ ಮಾತ್ರ ನಮ್ಮ ಪ್ರೀತಿ ಸಲ್ಲಬೇಕು ಎಂದು ಭಾವಿಸುವುದು. ಆ ಹಿರಿಯರು ಕಣಜ ತೆರೆದದ್ದೂ ನಿಜ, ಅಂಗಳಕ್ಕೆ ಬಿಡದಿದ್ದದ್ದೂ ನಿಜ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದಕ್ಕೆ ಬೇಕಾದ ಗಟ್ಟಿತನವನ್ನು ಕಾವ್ಯ ನಮಗೆ ಕಲಿಸಬಲ್ಲದು.

ಇಲಿಯಡ್‌ನಲ್ಲಿ ಬ್ರಿಸೇಯಿಸ್ ತನ್ನೊಡನೆ ಮೃದುವಾಗಿದ್ದ ಪೆಟ್ರೋಕ್ಲಸನ ಶವದ ಮೇಲೆ ಬಿದ್ದು ಅಳುತ್ತಾಳೆ. ಅಳುತ್ತಲೇ, ತನ್ನ ಗಂಡ ಯಾರ ಕೈಯಲ್ಲಿ ಸತ್ತನೆಂಬುದನ್ನೂ ಹೇಳುತ್ತಾಳೆ. ಸುತ್ತ ನಿಂತ ಸೆರೆಯ ಹೆಂಗಸರೂ ಅಳುತ್ತಾರೆ. ಮೇಲುನೋಟಕ್ಕೆ ಪೆಟ್ರೋಕ್ಲಸನಿಗಾಗಿ, ಒಳಗೊಳಗೆ ಅವರವರ ದುಃಖಕ್ಕಾಗಿ. ಅಕಿಲೀಸನೋ ಹೆಕ್ಟರನೋ ಎಂದು ತೀರ್ಪು ಹೇಳುವ ಮೊದಲು ಆ ಹೆಂಗಸರ ಮಾತನ್ನು ಕೇಳಿಸಿಕೊಳ್ಳಬೇಕು. ಕಿತ್ತುಹಾಕಿದ ಹಾಳೆಗಳಲ್ಲಿ ಏನಿತ್ತೆಂದು ಬಲ್ಲವರು ಅವರು.