ಹೆಸರು ಹಾಕಿದ ಆಟ

ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ಆರಂಭಿಸಿದ ಚಿತ್ರಸಂತೆಯಲ್ಲಿ, ದೇವರು, ಬೆಟ್ಟ, ಹೂಗಳ ನಡುವೆ ಕೆಲವರು ಬರೀ ತಮ್ಮ ಖುಷಿಗೆ ಬರೆದದ್ದನ್ನೂ ಇಟ್ಟಿರುತ್ತಾರೆ. ಒಮ್ಮೆ ಅಲ್ಲಿ ಕನ್ನಡಕ ಹಾಕಿಕೊಂಡು ಹುಳಿಗೆ ಒಗ್ಗರಣೆ ಕೊಡುವ ಬೆಕ್ಕನ್ನು ಕಂಡು ನಕ್ಕೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಮನೆಗೆಲಸ ಬಿಟ್ಟು ಇದನ್ನೆಲ್ಲ ಬರೀತಾ ಕೂರ್ತಾರಾ?" ಎಂದರು. ಬರೆದಾಕೆ ಚಿತ್ರದ ಮೂಲೆಯಲ್ಲಿದ್ದ ತನ್ನ ಹೆಸರನ್ನು ಮೆಲ್ಲಗೆ ಬೆರಳಿಂದ ಮುಚ್ಚಿದಳು.

ನಾವು ಬೆಳಗ್ಗೆ ಇಟ್ಟ ರಂಗೋಲಿ ಮಧ್ಯಾಹ್ನಕ್ಕೆ ಕಾಲಡಿ ಅಳಿಸಿಹೋಗುತ್ತದೆ. ಅದರಿಂದೇನು ಪ್ರಯೋಜನವೆಂದು ಯಾರೂ ಕೇಳುವುದಿಲ್ಲ. ಅಲ್ಲೂ ಆಟವಿದೆ, ಹೆಸರಿಲ್ಲ, ಅಷ್ಟೆ. ಅದೇ ಕೈ ಕಾಗದದ ಮೇಲೆ ಆಡಿ, ಕೆಳಗೆ ಹೆಸರು ಬರೆದರೆ ಸ್ವಾರ್ಥವೇ? ಖುಷಿಯನ್ನು ಬೀದಿಗೆ ತಂದು ನಾಲ್ಕು ಜನರನ್ನು ನಗಿಸುವುದು ಹಂಚಿ ಉಂಡಂತೆ. ಹೆಸರೂ ಇರಲಿ ಬಿಡಿ. ಮೆಚ್ಚದವರಿಗೆ ಯಾರನ್ನು ಬಯ್ಯಬೇಕೆಂದಾದರೂ ತಿಳಿಯಬೇಡವೇ!