ಕಣ್ಣಾರೆ ಕಂಡವರ ಹೊಣೆ

'ಕಣ್ಣಾರೆ ಕಂಡೆ' ಎಂಬ ಮಾತಿಗೆ ನಾವು ತಲೆಬಾಗುತ್ತೇವೆ. ಆದರೆ ಕಂಡದ್ದು ಕಂಡ ಹಾಗೆಯೇ ನೆನಪಿನಲ್ಲಿ ಉಳಿಯುತ್ತದೆಯೇ?

ಅಮೆರಿಕದ ಮನಃಶಾಸ್ತ್ರಜ್ಞರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. 150 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರ ತೋರಿಸಿದರು. ಕಾರುಗಳು 'ಡಿಕ್ಕಿ ಹೊಡೆದಾಗ' ವೇಗವೆಷ್ಟಿತ್ತೆಂದು 50 ಮಂದಿಯನ್ನು, 'ಅಪ್ಪಳಿಸಿದಾಗ' ಎಷ್ಟಿತ್ತೆಂದು ಇನ್ನು 50 ಮಂದಿಯನ್ನು ಕೇಳಿದರು. ಉಳಿದವರನ್ನು ವೇಗದ ಬಗ್ಗೆ ಕೇಳಲೇ ಇಲ್ಲ. ವಾರ ಕಳೆದ ಮೇಲೆ, ಒಡೆದ ಗಾಜು ಕಂಡಿರಾ ಎಂದಾಗ 'ಡಿಕ್ಕಿ' ಕೇಳಿದವರಲ್ಲಿ 7, 'ಅಪ್ಪಳಿಸು' ಕೇಳಿದವರಲ್ಲಿ 16, ಉಳಿದವರಲ್ಲಿ 6 ಮಂದಿ ಹೌದೆಂದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ!

ಇವರು ಸುಳ್ಳುಗಾರರೇ? ಸುಳ್ಳುಗಾರನಿಗೆ ಸತ್ಯ ಗೊತ್ತಿರುತ್ತದೆ. ಇವರಿಗೆ ತಾವು ತಪ್ಪಿದ್ದೇ ಗೊತ್ತಿರಲಿಲ್ಲ. ಕತೆ ಬರೆಯಲು ಕುಳಿತಾಗ ನಮಗೂ ಹೀಗಾಗುತ್ತದೆ. ಬಾಲ್ಯದಲ್ಲಿ ನಾವು ಕಂಡದ್ದು ಯಾವುದು, ದಾದಿ ಹೇಳಿದ್ದು ಯಾವುದು ಎಂದು ಬಿಡಿಸಲಾಗುವುದಿಲ್ಲ.

ಕತೆಯಲ್ಲಿ ಅದು ನಡೆದೀತು. ಗಲಭೆಯಾದ ಊರಿನಲ್ಲಿ, ಕೋರ್ಟಿನ ಕಟಕಟೆಯಲ್ಲಿ ಅದೇ ಬೆರಕೆ ನಿರಪರಾಧಿಯೊಬ್ಬನನ್ನು ಜೈಲಿಗಟ್ಟಬಲ್ಲದು. ಆದ್ದರಿಂದ ಪ್ರಾಮಾಣಿಕರಾಗಲು ಸುಳ್ಳು ಹೇಳದಿದ್ದರಷ್ಟೇ ಸಾಲದು. ಕಂಡದ್ದೆಷ್ಟು, ಆಮೇಲೆ ಕೇಳಿದ್ದೆಷ್ಟು ಎಂದು ತೂಗಿ ನೋಡಬೇಕು. ಪ್ರಶ್ನೆ ಕೇಳುವವರೂ ಪ್ರಶ್ನೆಯೊಳಗೆ ಉತ್ತರ ತುರುಕಬಾರದು.

'ಸರಿಯಾಗಿ ನೆನಪಿಲ್ಲ' ಎಂದವನನ್ನು ನಾವು ಹೇಡಿ ಎನ್ನುತ್ತೇವೆ. ಹಾಗೆನ್ನಲು ಎಷ್ಟು ಧೈರ್ಯ ಬೇಕೆಂದು ಯೋಚಿಸಿದ್ದೇವೆಯೇ?