ಹೊಂದಿಕೊಳ್ಳುವುದು ಯಾರ ಕೆಲಸ?

ಚನ್ನಗಿರಿ ತಾಲೂಕಿನ ಸೂಳೆಕೆರೆಗೆ ಶಾಂತಿಸಾಗರ ಎಂಬ ಇನ್ನೊಂದು ಹೆಸರೂ ಇದೆ. ಸುತ್ತಲಿನ ಹಳ್ಳಿಯವರ ಬಾಯಲ್ಲಿ ಮಾತ್ರ ಅದು ಇಂದಿಗೂ ಸೂಳೆಕೆರೆಯೇ. ಕೆರೆ ಕಟ್ಟಿಸಿದವಳು ಶಾಂತವ್ವ ಎಂಬ ಅರಸುಮಗಳು. ನೀರು ನಿಲ್ಲಬೇಕಾದ ನೆಲ ವೇಶ್ಯೆಯರದಾಗಿತ್ತು. ನೆಲ ಬಿಟ್ಟುಕೊಡಲು ಒಪ್ಪಿದ ಅವರು ಕೆರೆಗೆ ತಮ್ಮ ಹೆಸರಿರಬೇಕೆಂದು ಕೇಳಿದರು ಎನ್ನುತ್ತದೆ ಐತಿಹ್ಯ. ಕತೆ ಎಷ್ಟು ನಿಜವೋ, ಅದರೊಳಗಿನ ನ್ಯಾಯವಂತೂ ಸ್ಪಷ್ಟ: ಕಟ್ಟಿದವರ ಹೆಸರಿನ ಜೊತೆಗೆ ಬಿಟ್ಟುಕೊಟ್ಟವರ ಲೆಕ್ಕವೂ ಉಳಿಯಬೇಕು.

ಈ ಕೆರೆಯ ನೀರು ಚಿತ್ರದುರ್ಗದವರೆಗೆ ಹೋಗುತ್ತದೆ. ಇಲ್ಲಿನ ಮಕ್ಕಳು ಬೆಂಗಳೂರಿನವರೆಗೆ ಹೋಗುತ್ತಾರೆ, ಈಚೆಗೆ ಓದು ಮುಗಿಯುವ ಮೊದಲೇ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 2022ರ ಪಠ್ಯಕ್ರಮದಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್ಪನ್ನು ಪದವಿಯ ಭಾಗವನ್ನಾಗಿಯೇ ಮಾಡಿದೆ. ಹೋಗಬೇಕೋ ಬೇಡವೋ ಎಂಬ ಪ್ರಶ್ನೆಯೇ ಈಗ ಇಲ್ಲ. ಚೀಲ ಹೆಗಲಿಗೇರಿಸಿದ ಮಗಳಿಗೆ ತಂದೆ, ತಾಯಿ, ಮೇಷ್ಟರು ಹೇಳುವ ಬುದ್ಧಿವಾದವೂ ಒಂದೇ: "ಹೊಂದ್ಕಂಡು ಹೋಗವ್ವ."

ಆಕೆ ಹೊಂದಿಕೊಳ್ಳುತ್ತಾಳೆ. ಮೂವರು ಮಲಗುವ ಪಿ.ಜಿ. ಕೋಣೆಗೆ, ಎರಡು ಬಸ್ಸು ಬದಲಿಸುವ ದಾರಿಗೆ, ಇಂಗ್ಲಿಷಿನಲ್ಲೇ ನಗುವ ಸಹೋದ್ಯೋಗಿಗಳಿಗೆ. ಕಾಲೇಜಿನಲ್ಲಿ ಗಂಟೆ ಹೊಡೆದರೆ ಪಾಠ ಮುಗಿಯಿತು. ಇಲ್ಲಿ ದಿನ ಯಾವಾಗ ಮುಗಿಯಿತೆಂದು ಹೇಳುವವರಿಲ್ಲ. ಅಲ್ಲಿ ತಪ್ಪಿದರೆ ಅಂಕ ಹೋಗುತ್ತಿತ್ತು. ಇಲ್ಲಿ ತಪ್ಪು ನೇರ ಗ್ರಾಹಕರ ಮುಂದೆ ನಿಲ್ಲುತ್ತದೆ. ರಾತ್ರಿ ಮನೆಯಿಂದ ಫೋನ್ ಬಂದರೆ "ಚೆನ್ನಾಗಿದೀನಿ" ಎನ್ನುತ್ತಾಳೆ. ಇದರಲ್ಲಿ ಬಹುಪಾಲು ಒಳ್ಳೆಯದೇ. ಹೊತ್ತಿಗೆ ಸರಿಯಾಗಿ ಬರುವುದು, ತಿಳಿಯದ್ದನ್ನು ನಾಚದೆ ಕೇಳುವುದು, ಮಾಡಿದ್ದಕ್ಕೆ ಹೊಣೆಯಾಗುವುದು ಯಾವ ಪುಸ್ತಕದಿಂದಲೂ ಬರುವುದಿಲ್ಲ.

ಆದರೆ ಕಲಿಯುವುದಕ್ಕೆ ಹೊಂದಿಕೊಳ್ಳುವುದು ಬೇರೆ, ಕಲಿಸದೆ ದುಡಿಸಿಕೊಳ್ಳುವುದಕ್ಕೆ ಹೊಂದಿಕೊಳ್ಳುವುದು ಬೇರೆ. ಇವೆರಡಕ್ಕೂ ನಾವು ಒಂದೇ ಮಾತು ಬಳಸುತ್ತಿದ್ದೇವೆ ಎನ್ನುವುದೇ ನನ್ನ ತಕರಾರು.

ನಮ್ಮ ಮೊಹಲ್ಲಾಗಳಿಗೆ ಇಂಟರ್ನ್‌ಶಿಪ್ ಎಂಬ ಪದ ಹೊಸದಾದರೂ ವಿಷಯ ಹಳೆಯದು. ಗ್ಯಾರೇಜಿನಲ್ಲಿ, ದರ್ಜಿ ಅಂಗಡಿಯಲ್ಲಿ ಉಸ್ತಾದರ ಕೈಕೆಳಗೆ ಶಾಗಿರ್ದ್ ಇರುತ್ತಿದ್ದ. ಮೊದಲ ತಿಂಗಳುಗಳು ಕಸ ಗುಡಿಸಿ, ಚಹಾ ತಂದು, ಸ್ಪ್ಯಾನರ್ ಎತ್ತಿಕೊಡುವುದರಲ್ಲೇ ಕಳೆಯುತ್ತಿದ್ದವು. ಅದನ್ನು ನಾನು ಹೊಗಳಲಾರೆ. ಎಷ್ಟೋ ಹುಡುಗರ ಶಾಲೆ ಅಲ್ಲೇ ಮುಳುಗಿತು, ಬೈಗುಳ ಏಟುಗಳಿಗೂ ಬರವಿರಲಿಲ್ಲ. ಆದರೂ ಒಳ್ಳೆಯ ಉಸ್ತಾದರು ಎರಡು ಮರ್ಯಾದೆ ತಪ್ಪಿಸುತ್ತಿರಲಿಲ್ಲ. ಊಟದ ಹೊತ್ತಿಗೆ ತಮ್ಮ ಡಬ್ಬಿಯಲ್ಲಿ ಶಾಗಿರ್ದನಿಗೂ ಪಾಲು. ಅವನ ಕೈ ಕುದುರಿದ ದಿನ, ನಾಲ್ಕು ಜನರ ಮುಂದೆ, "ಇದು ಇವನ ಕೆಲಸ" ಎಂಬ ಮಾತು. ಅನ್ನ ಮತ್ತು ಹೆಸರು.

ಕಾನೂನಿಗೂ ಇದು ತಿಳಿಯದ್ದಲ್ಲ. 1961ರ ಅಪ್ರೆಂಟಿಸ್ ಕಾಯ್ದೆ ತರಬೇತಿಗೆ ಬಂದವನನ್ನು ಕಾರ್ಮಿಕನಲ್ಲ ಎಂದೇ ಕರೆಯಿತು. ಆದರೂ ಅವನಿಗೆ ಸ್ಟೈಪೆಂಡ್ ಕೊಡಬೇಕೆಂದು ವಿಧಿಸಿತು. ಕಲಿಯುವವನಿಗೂ ಹೊಟ್ಟೆಯಿದೆ ಎಂಬ ಸರಳ ತಿಳಿವಳಿಕೆ ಅದು. 2024ರ ಅಕ್ಟೋಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯು ತಿಂಗಳಿಗೆ 5,000 ರೂಪಾಯಿ ಗೊತ್ತುಮಾಡಿತು. ಆದರೆ ಆರಂಭದಲ್ಲಿ ಪೂರ್ಣಕಾಲಿಕ ಓದಿನಲ್ಲಿರುವವರಿಗೆ ಅದರಲ್ಲಿ ಜಾಗವಿರಲಿಲ್ಲ. ಪದವಿಗಾಗಿ ಊರು ಬಿಟ್ಟ ನಮ್ಮ ಹುಡುಗಿ ಹೊರಗೇ ಉಳಿದಳು.

ಸಂಸ್ಥೆಗಳ ಮಾತನ್ನೂ ಕೇಳಬೇಕು. "ಏನೂ ಬಾರದ ಮಕ್ಕಳಿಗೆ ನಮ್ಮ ಜನ ಹೊತ್ತು ಕೊಟ್ಟು ಕಲಿಸುತ್ತಾರೆ, ಅದೇ ದೊಡ್ಡ ಖರ್ಚು, ಮೇಲೆ ದುಡ್ಡೂ ಕೊಡಬೇಕೆ?" ನಿಜವಾಗಿ ಕಲಿಸುವಲ್ಲಿ ಈ ಮಾತಿಗೆ ತೂಕವಿದೆ. ಅದನ್ನು ಅಳೆಯಲು ಒಂದು ಸುಲಭದ ಒರೆಗಲ್ಲಿದೆ. ಆ ಹುಡುಗಿ ನಾಳೆ ಬಾರದಿದ್ದರೆ ಕಚೇರಿಯಲ್ಲಿ ನಿಲ್ಲುವುದು ಅವಳ ಕಲಿಕೆಯೋ, ಅವರ ಕೆಲಸವೋ? ಅವರ ಕೆಲಸ ನಿಲ್ಲುವುದಾದರೆ ಅವಳು ಆಗಲೇ ದುಡಿಯುವವಳು. ದುಡಿಯುವವಳಿಗೆ ಅನುಭವವನ್ನೇ ಕೂಲಿಯೆಂದು ಎಣಿಸಿಕೊಡುವುದು ನ್ಯಾಯವಲ್ಲ.

ಬಿಟ್ಟಿ ದುಡಿಮೆಗೆ ಇನ್ನೊಂದು ಮುಖವೂ ಇದೆ. ಅಡಿಕೆ ತೋಟದ ಮನೆಯ ಹುಡುಗ ನಾಲ್ಕು ತಿಂಗಳ ಬಾಡಿಗೆಯನ್ನು ಮನೆಯಿಂದ ತರಿಸಿಕೊಂಡಾನು. ಅದೇ ತೋಟದಲ್ಲಿ ಅಡಿಕೆ ಸುಲಿಯುವವಳ ಮಗಳು ಏನು ಮಾಡಬೇಕು? ಸಾಲ ಮಾಡಬೇಕು, ಇಲ್ಲವೇ ಹತ್ತಿರದಲ್ಲೆಲ್ಲೋ ಹೆಸರಿಗೊಂದು ಸರ್ಟಿಫಿಕೇಟು ಗಿಟ್ಟಿಸಬೇಕು. ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕೂತವರನ್ನು ಇಂಟರ್ನ್‌ಶಿಪ್ ಮತ್ತೆ ಬೇರೆ ಮಾಡುತ್ತದೆ. ಕಡ್ಡಾಯ ಮಾಡುವವರು ಅದರ ಖರ್ಚು ಯಾರ ಹೆಗಲಿಗೆ ಬೀಳುತ್ತದೆ ಎಂಬುದನ್ನೂ ನೋಡಬೇಡವೆ?

ಹೊಂದಿಕೊಳ್ಳುವುದು ಸದ್ಗುಣವೇ, ಎರಡೂ ಕಡೆಯವರು ಸ್ವಲ್ಪ ಸ್ವಲ್ಪ ಸರಿದಾಗ. ಒಬ್ಬರೇ ಸರಿಯುತ್ತ ಹೋದರೆ ಅದಕ್ಕೆ ಬೇರೆ ಹೆಸರಿದೆ. ಸೂಳೆಕೆರೆಯ ಏರಿ ಎರಡು ಗುಡ್ಡಗಳ ನಡುವೆ ನೂರಾರು ವರ್ಷಗಳಿಂದ ನಿಂತಿದೆ. ಸಿದ್ಧ, ಬಸವ ಎಂಬ ಎರಡು ತೂಬುಗಳು ಅದಕ್ಕುಂಟು. ಎಷ್ಟು ಹಿಡಿಯಬೇಕೋ ಅಷ್ಟು ಹಿಡಿದು, ಬಿಡಬೇಕಾದಾಗ ಬಿಡಲು ದಾರಿ ಇಟ್ಟುಕೊಂಡ ಕೆರೆ ಅದು.

ಮಕ್ಕಳ ಮನಸ್ಸಿಗೂ ಅಂಥ ತೂಬು ಬೇಕು. ಆದ್ದರಿಂದ ಬಸ್ಸು ಹತ್ತಿಸುವಾಗ "ಹೊಂದ್ಕಂಡು ಹೋಗವ್ವ" ಎನ್ನುವುದರ ಜೊತೆಗೆ ಇದನ್ನೂ ಹೇಳಿ ಕಳಿಸೋಣ: ಏನು ಕಲಿಸುತ್ತೀರಿ, ಯಾರು ಕಲಿಸುತ್ತಾರೆ, ಎಷ್ಟು ಹೊತ್ತಿಗೆ ಮನೆಗೆ ಬಿಡುತ್ತೀರಿ, ಎಷ್ಟು ಕೊಡುತ್ತೀರಿ ಎಂದು ಮೊದಲ ದಿನವೇ ಕೇಳು. ಕೇಳುವುದು ಉದ್ಧಟತನವಲ್ಲ. ಕಷ್ಟವಾದರೆ ರಾತ್ರಿ ಫೋನಿನಲ್ಲಿ ಚೆನ್ನಾಗಿದೀನಿ ಅನ್ನಬೇಡ, ಕಷ್ಟ ಅಂತಲೇ ಹೇಳು. ಹೇಳಿದರೆ ನಾವು ಬೈಯುವುದಿಲ್ಲ.